ಹಾಕಿದ ಬಣ್ಣ, ತಾನಾಗಿ ಬಂದ ಸೀಸ: ಮೇಕಪ್ ಲೇಬಲ್ ಓದುವುದು ಹೇಗೆ?

ನನ್ನ ಮೇಜಿನ ಮೇಲೆ ಈಗ ಒಂದು ಲಿಪ್‌ಸ್ಟಿಕ್‌ನ ರಟ್ಟಿನ ಡಬ್ಬಿ ಇದೆ. ಅದರ ಒಂದು ಬದಿಯಲ್ಲಿ ಇರುವೆ ಸಾಲಿನ ಹಾಗೆ ಪುಟ್ಟ ಪುಟ್ಟ ಅಕ್ಷರ. ಮೊದಲು ಹರಳೆಣ್ಣೆ, ಆಮೇಲೆ ಮೇಣಗಳು, ಆಮೇಲೆ ನಾಲಿಗೆ ಹೊರಳದ ಒಂದಿಷ್ಟು ಹೆಸರುಗಳು. ಕೊನೆಗೆ ಒಂದು +/- ಗುರುತು, ಅದರ ಮುಂದೆ ಸಂಖ್ಯೆಗಳು: ಸಿಐ 15850, ಸಿಐ 45410, ಸಿಐ 77491, ಸಿಐ 77891. ಇಲ್ಲಿಗೆ ಬರುವಷ್ಟರಲ್ಲಿ ಬಹಳ ಜನ ಡಬ್ಬಿ ಕೆಳಗಿಟ್ಟಿರುತ್ತಾರೆ. ನಾವು ಇಲ್ಲಿಂದಲೇ ಶುರು ಮಾಡೋಣ.

ಈ ಡಬ್ಬಿಯ ಮೇಲೆ ಸೀಸ ಅಂತ ಎಲ್ಲೂ ಬರೆದಿಲ್ಲ. ಆದರೂ ಒಳಗಿನ ಲಿಪ್‌ಸ್ಟಿಕ್‌ನಲ್ಲಿ ಚೂರು ಸೀಸ ಇರಬಹುದು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ ಒಮ್ಮೆ ಮಾರುಕಟ್ಟೆಯ 400 ಲಿಪ್‌ಸ್ಟಿಕ್‌ಗಳನ್ನು ಪರೀಕ್ಷೆ ಮಾಡಿಸಿತ್ತು. ಸಿಕ್ಕ ಸೀಸ ಸರಾಸರಿ 1.11 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ ಅಂದರೆ 1 ಪಿಪಿಎಂ). ಅತಿ ಹೆಚ್ಚು ಸಿಕ್ಕಿದ್ದು 7.19 ಪಿಪಿಎಂ. ಆ ಕಂಪನಿಗಳು ಸೀಸವನ್ನು ಮುಚ್ಚಿಟ್ಟಿದ್ದವು ಅಂತ ಇದರ ಅರ್ಥ ಅಲ್ಲ. ಅವರು ಸೀಸ ಹಾಕಿರಲೇ ಇಲ್ಲ. ಬಣ್ಣದ ಪುಡಿಯ ಜೊತೆ ಅದು ತಾನಾಗಿ ಬಂದಿತ್ತು.

ಈ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಇದೇ. ಡಬ್ಬಿಯೊಳಗೆ ಎರಡು ಬಗೆಯ ವಸ್ತು ಇರುತ್ತದೆ. ಒಂದು, ಬೇಕು ಅಂತ ಹಾಕಿದ್ದು. ಇನ್ನೊಂದು, ಕರೆಯದೆ ಬಂದದ್ದು. ಬಣ್ಣ ಮೊದಲನೇ ಗುಂಪು. ಸೀಸ, ಪಾದರಸ, ಆರ್ಸೆನಿಕ್, ಶಾಂಪೂ ಪದಾರ್ಥಗಳ ಜೊತೆ ಬರುವ ಡಯಾಕ್ಸೇನ್ ಬಹುತೇಕ ಎರಡನೇ ಗುಂಪು. ಸರ್ಕಾರಗಳು ಹಾಕಿದ್ದಕ್ಕೆ ಪಟ್ಟಿ ಮಾಡುತ್ತವೆ, ಬಂದದ್ದಕ್ಕೆ ಮಿತಿ ಇಡುತ್ತವೆ. ಪಟ್ಟಿಯನ್ನು ನೀವು ಲೇಬಲ್‌ನಲ್ಲಿ ಓದಿ ನೋಡಬಹುದು. ಮಿತಿಯನ್ನು ಓದಲು ಆಗುವುದಿಲ್ಲ, ಬೇರೆ ಗುರುತುಗಳಿಂದ ಊಹಿಸಬೇಕು. ಈ ಎರಡು ಕೆಲಸವನ್ನೂ ಬೇರೆ ಬೇರೆಯಾಗಿ ಮಾಡಬೇಕು.

ಮೊದಲು ಸಂಖ್ಯೆಗಳನ್ನು ಓದಿ

ಸಿಐ ಅಂದರೆ ಕಲರ್ ಇಂಡೆಕ್ಸ್. ಬಣ್ಣಗಳಿಗೆ ಪ್ರಪಂಚದಾದ್ಯಂತ ಒಂದೇ ಗುರುತು ಇರಲಿ ಅಂತ ಮಾಡಿದ ಪಟ್ಟಿ. ಭಾಷೆ ಯಾವುದಾದರೂ ಸಂಖ್ಯೆ ಅದೇ. ಅದಕ್ಕೇ ನಾನು ಹೆಸರಿಗಿಂತ ಸಂಖ್ಯೆಯನ್ನು ಹೆಚ್ಚು ನಂಬುತ್ತೇನೆ.

77 ರಿಂದ ಶುರುವಾದರೆ ಅದು ಖನಿಜ ಅಥವಾ ಲೋಹದ ಬಣ್ಣ. ಸಿಐ 77491 ಕೆಂಪು ಕಬ್ಬಿಣದ ಆಕ್ಸೈಡ್, 77492 ಹಳದಿ, 77499 ಕಪ್ಪು. ಫೌಂಡೇಶನ್‌ನಲ್ಲಿ ಚರ್ಮದ ಬಣ್ಣ ತರುವುದು ಮುಖ್ಯವಾಗಿ ಈ ಮೂರೇ. ಸಿಐ 77891 ಟೈಟಾನಿಯಂ ಡೈಆಕ್ಸೈಡ್, ಅಚ್ಚ ಬಿಳಿ. ಸಿಐ 77019 ಮೈಕಾ, ಅಂದರೆ ಹೊಳಪು ಕೊಡುವ ಅಭ್ರಕ. 75 ರಿಂದ ಶುರುವಾದರೆ ಗಿಡದಿಂದಲೋ ಕೀಟದಿಂದಲೋ ಬಂದದ್ದು. ಸಿಐ 75470 ಕಾರ್ಮೈನ್, ಕೊಚಿನೀಲ್ ಎಂಬ ಪುಟ್ಟ ಕೀಟದಿಂದ ತೆಗೆಯುವ ಕೆಂಪು. ಉಳಿದ ಹೆಚ್ಚಿನವು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ಮಾಡಿದ ಬಣ್ಣ. ನನ್ನ ಡಬ್ಬಿಯ 15850 ಮತ್ತು 45410 ಆ ಗುಂಪಿನವು.

ಅಮೆರಿಕದ ಲೇಬಲ್‌ನಲ್ಲಿ ಇದೇ ಬಣ್ಣಗಳು ಬೇರೆ ಹೆಸರಲ್ಲಿ ಕಾಣಿಸುತ್ತವೆ. 15850 ಅಲ್ಲಿ ರೆಡ್ 6 ಅಥವಾ ರೆಡ್ 7. 19140 ಅಲ್ಲಿ ಯೆಲ್ಲೋ 5. 42090 ಅಲ್ಲಿ ಬ್ಲೂ 1. ಹೆಸರಿನ ಕೊನೆಗೆ ಲೇಕ್ ಅಂತ ಸೇರಿದ್ದರೆ ನೀರಿಗೂ ಎಣ್ಣೆಗೂ ಕರಗದ ಹಾಗೆ ಬಣ್ಣವನ್ನು ಅಲ್ಯೂಮಿನಾದಂಥ ಪುಡಿಯ ಮೇಲೆ ಕೂರಿಸಿದ್ದಾರೆ ಅಂತ ಅರ್ಥ. ಲಿಪ್‌ಸ್ಟಿಕ್ ತುಟಿಯಿಂದ ಆಚೆ ಹರಡದೆ ನಿಲ್ಲಬೇಕಲ್ಲ, ಅದಕ್ಕೆ.

+/- ಗುರುತಿನ ಅರ್ಥ "ಇರಬಹುದು" ಅಂತ. ಒಂದೇ ಸರಣಿಯ ಇಪ್ಪತ್ತು ಶೇಡ್‌ಗಳಿಗೂ ಒಂದೇ ಲೇಬಲ್ ಹಾಕಿರುತ್ತಾರೆ. ಹಾಗಾಗಿ ಅಲ್ಲಿರುವ ಬಣ್ಣಗಳೆಲ್ಲ ನಿಮ್ಮ ಕೈಲಿರುವ ಶೇಡ್‌ನಲ್ಲಿ ಇರಲೇಬೇಕು ಅಂತಿಲ್ಲ. ಯಾವುದಾದರೂ ಒಂದು ಬಣ್ಣಕ್ಕೆ ನಿಮಗೆ ಅಲರ್ಜಿ ಇದ್ದರೆ, ಆ ಸಂಖ್ಯೆ ಈ ಗುರುತಿನ ಮುಂದೆ ಇದ್ದರೂ ಇದೆ ಅಂತಲೇ ಲೆಕ್ಕ ಹಾಕಿ. ಕಾರ್ಮೈನ್‌ಗೆ ಕೆಲವರಿಗೆ ತೀವ್ರ ಅಲರ್ಜಿ ಆಗುತ್ತದೆ. ಅದಕ್ಕೇ 2011ರ ಜನವರಿಯಿಂದ ಅಮೆರಿಕದಲ್ಲಿ ಅದನ್ನು ಹೆಸರಿಟ್ಟೇ ಬರೆಯಬೇಕು ಅನ್ನುವ ನಿಯಮ ಜಾರಿಗೆ ಬಂತು.

ಬಣ್ಣಕ್ಕೆ ಮಾತ್ರ ಇಷ್ಟು ಬಿಗಿ ಯಾಕೆ?

ಅಮೆರಿಕದ ಕಾನೂನಿನಲ್ಲಿ ಕ್ರೀಮು, ಶಾಂಪೂ, ಪೌಡರ್ ಮಾರಾಟಕ್ಕೆ ಬರುವ ಮುಂಚೆ ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ಒಳಗಿನ ಎಣ್ಣೆ, ಮೇಣ, ಪರಿಮಳಕ್ಕೂ ಬೇಕಿಲ್ಲ. ಬಣ್ಣಕ್ಕೆ ಮಾತ್ರ ಬೇಕು. ಇದು ತುಂಬ ಜನಕ್ಕೆ ಗೊತ್ತಿಲ್ಲ. ಇದರಿಂದ ನಿಮಗೆ ಒಂದು ಒಳ್ಳೆ ಪರೀಕ್ಷೆ ಸಿಗುತ್ತದೆ. ಲಿಪ್‌ಸ್ಟಿಕ್ ಮೇಲೆ "ಎಫ್‌ಡಿಎ ಅಪ್ರೂವ್ಡ್" ಅಂತ ದೊಡ್ಡದಾಗಿ ಬರೆದಿದ್ದರೆ ಆ ಕಂಪನಿಯ ಬಗ್ಗೆ ಅನುಮಾನ ಪಡಿ. ಎಫ್‌ಡಿಎ ಲಿಪ್‌ಸ್ಟಿಕ್‌ಗೆ ಒಪ್ಪಿಗೆ ಕೊಡುವ ಪದ್ಧತಿಯೇ ಇಲ್ಲ. ಕಾರ್ಖಾನೆ ನೋಂದಣಿ ಆಗಿದೆ ಅನ್ನುವುದೂ ಒಪ್ಪಿಗೆ ಅಲ್ಲ.

ಈ ಬಿಗಿಗೆ ಹಿಂದೆ ನೋವಿನ ಕಥೆ ಇದೆ. 1933ರ ಸುಮಾರಿಗೆ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಎಂಬ ರೆಪ್ಪೆಗೂದಲ ಬಣ್ಣ ಮಾರುತ್ತಿದ್ದರು. ಅದರಲ್ಲಿ ಪ್ಯಾರಾಫಿನೈಲೀನ್‌ಡಯಮೀನ್, ಅಂದರೆ ಪಿಪಿಡಿ ಇತ್ತು. ಹಚ್ಚಿಕೊಂಡ ಹೆಂಗಸರ ಕಣ್ಣು ಊದಿ ಹುಣ್ಣಾಯಿತು, ದೃಷ್ಟಿ ಹೋಯಿತು, ಸಾವೂ ಆಯಿತು. ಆಗ ಅದನ್ನು ಮಾರುಕಟ್ಟೆಯಿಂದ ತೆಗೆಸಲು ಸರ್ಕಾರದ ಕೈಯಲ್ಲಿ ಕಾನೂನೇ ಇರಲಿಲ್ಲ. 1938ರಲ್ಲಿ ಹೊಸ ಕಾಯ್ದೆ ಬಂದ ಮೇಲಷ್ಟೇ ಕಾಸ್ಮೆಟಿಕ್‌ಗಳು ಸರ್ಕಾರದ ಹಿಡಿತಕ್ಕೆ ಬಂದವು. 1960ರ ತಿದ್ದುಪಡಿ ಬಣ್ಣಗಳ ಹೊಣೆಯನ್ನು ತಿರುಗಿಸಿತು: ಸುರಕ್ಷಿತ ಅಂತ ತೋರಿಸುವ ಭಾರ ಬಣ್ಣ ಮಾರುವವರದ್ದು.

ಅಲ್ಲಿ ಬಣ್ಣಗಳಿಗೆ ಎರಡು ದಾರಿ. ರಾಸಾಯನಿಕ ಬಣ್ಣವಾದರೆ ಪ್ರತಿ ಸಲ ತಯಾರಾದ ಗುಂಪಿನ ಸ್ಯಾಂಪಲ್ ಎಫ್‌ಡಿಎ ಲ್ಯಾಬ್‌ಗೆ ಹೋಗಬೇಕು. ಪಾಸಾದರೆ ಒಂದು ಲಾಟ್ ನಂಬರ್ ಸಿಗುತ್ತದೆ. ಆ ನಂಬರ್ ಇಲ್ಲದ ಪುಡಿ ಅದೇ ಸೂತ್ರದ್ದಾದರೂ ರೆಡ್ 7 ಅಲ್ಲ. ಖನಿಜ, ಗಿಡ, ಕೀಟದ ಬಣ್ಣಗಳಿಗೆ ಈ ಲಾಟ್ ಪರೀಕ್ಷೆ ಬೇಡ, ಆದರೆ ಪಟ್ಟಿಯಲ್ಲಿ ಇರಲೇಬೇಕು, ಮಿತಿಯೊಳಗೆ ಇರಲೇಬೇಕು.

ಯುರೋಪಿಯನ್ ಒಕ್ಕೂಟದಲ್ಲಿ 1223/2009 ಎಂಬ ನಿಯಮಾವಳಿ ಇದೆ. ಅದರ ನಾಲ್ಕನೇ ಅನುಬಂಧವೇ ಒಪ್ಪಿದ ಬಣ್ಣಗಳ ಪಟ್ಟಿ. ಭಾರತದಲ್ಲಿ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಅದರ ಕೆಳಗೆ 2020ರ ಕಾಸ್ಮೆಟಿಕ್ಸ್ ನಿಯಮಗಳು. ಬಣ್ಣಗಳ ಪಟ್ಟಿಗೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ಐಎಸ್ 4707 ಭಾಗ 1 ನೋಡಬೇಕು. ಮೂರೂ ಕಡೆ ಯೋಚನೆ ಒಂದೇ: ಪಟ್ಟಿಯಲ್ಲಿ ಇಲ್ಲದ ಬಣ್ಣ ಹಾಕುವ ಹಾಗಿಲ್ಲ. ಆದರೆ ಪಟ್ಟಿಗಳು ಮಾತ್ರ ಒಂದೇ ಅಲ್ಲ. ಒಂದು ಕಡೆ ಕಾನೂನುಬದ್ಧವಾದ ಬಣ್ಣ ಇನ್ನೊಂದು ಕಡೆ ನಿಷಿದ್ಧ ಇರಬಹುದು. ಆನ್‌ಲೈನ್‌ನಲ್ಲಿ ಬೇರೆ ದೇಶದಿಂದ ತರಿಸುವವರು ಇದನ್ನು ಮರೆಯಬಾರದು.

ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದೂ ಅಲ್ಲ. ರೆಡ್ 3, ಅಂದರೆ ಸಿಐ 45430, ಇಲಿಗಳಲ್ಲಿ ಥೈರಾಯ್ಡ್ ಗಡ್ಡೆ ತಂದಿದ್ದಕ್ಕೆ 1990ರಲ್ಲೇ ಅಮೆರಿಕದ ಕಾಸ್ಮೆಟಿಕ್‌ಗಳಿಂದ ಹೊರಬಿತ್ತು. ಅದೇ ಬಣ್ಣ ತಿನ್ನುವ ಪದಾರ್ಥಗಳಲ್ಲಿ ಮುಂದುವರಿಯಿತು. ಅಲ್ಲಿಂದ ತೆಗೆಯುವ ಆದೇಶ ಬಂದಿದ್ದು 2025ರ ಜನವರಿಯಲ್ಲಿ. ತುಟಿಗೆ ಬೇಡ ಅಂದಮೇಲೆ ಹೊಟ್ಟೆಗೆ ಬೇಡ ಅನ್ನಲು 35 ವರ್ಷ ತಗೊಂಡರು. ನನಗೆ ಇದು ಈಗಲೂ ಬೇಸರದ ವಿಷಯ. ಕೂದಲು ಕಪ್ಪು ಮಾಡುವ ಲೆಡ್ ಅಸಿಟೇಟ್ ಕಥೆಯೂ ಹೀಗೇ. ಅದು ಸೀಸದ್ದೇ ಸಂಯುಕ್ತ. 1980ರಿಂದ ಅಲ್ಲಿ ಒಪ್ಪಿಗೆ ಇತ್ತು, 2018ರಲ್ಲಿ ಹಿಂತೆಗೆದುಕೊಂಡರು.

ಆಮೇಲೆ, ಎಲ್ಲಿಗೆ ಹಚ್ಚುತ್ತೀರಿ ಅಂತ ಕೇಳಿಕೊಳ್ಳಿ

ಪಟ್ಟಿಯಲ್ಲಿ ಇದ್ದರೆ ಸಾಲದು, ಯಾವ ಜಾಗಕ್ಕೆ ಅಂತಲೂ ಇರುತ್ತದೆ. ಕೆನ್ನೆಗೆ ಆಗುವುದೆಲ್ಲ ತುಟಿಗೆ ಆಗುವುದಿಲ್ಲ. ತುಟಿಗೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ ಅಲ್ವಾ? ಕಣ್ಣಿನ ಹತ್ತಿರದ ಚರ್ಮ ತೀರಾ ತೆಳು.

ಅಮೆರಿಕದ ನಿಯಮದಲ್ಲಿ ಕಣ್ಣಿನ ಜಾಗ ಅಂದರೆ ಹುಬ್ಬಿನಿಂದ ಹಿಡಿದು ಕಣ್ಣಿನ ಕೆಳಗಿನ ಮೂಳೆಯ ಅಂಚಿನವರೆಗೆ. ಹುಬ್ಬು, ರೆಪ್ಪೆ, ರೆಪ್ಪೆಗೂದಲು ಎಲ್ಲವೂ ಅದರಲ್ಲೇ. ಆ ಜಾಗಕ್ಕೆ ಅಂತಲೇ ಬಿಡಿಯಾಗಿ ಒಪ್ಪಿಗೆ ಸಿಕ್ಕ ಬಣ್ಣ ಮಾತ್ರ ಅಲ್ಲಿ ನಡೆಯುತ್ತದೆ. ಅಲ್ಟ್ರಾಮರೈನ್ ನೀಲಿ, ಸಿಐ 77007, ಅಲ್ಲಿ ಐಶ್ಯಾಡೋಗೆ ಸರಿ, ಲಿಪ್‌ಸ್ಟಿಕ್‌ಗೆ ಅಲ್ಲ. ಹಾಗಾಗಿ ಐಶ್ಯಾಡೋ ಪುಡಿಯನ್ನು ತುಟಿಗೆ ಹಚ್ಚುವುದು, ಲಿಪ್‌ಸ್ಟಿಕ್ಕನ್ನು ಕಣ್ಣಿನ ಮೇಲೆ ತೀಡುವುದು, ಇಂಥ ವೀಡಿಯೊಗಳನ್ನು ನೋಡಿ ಸುಮ್ನೆ ಮಾಡಬೇಡಿ. ಆ ಬಣ್ಣವನ್ನು ಆ ಜಾಗಕ್ಕೆ ಅಂತ ಯಾರೂ ಪರೀಕ್ಷಿಸಿರದೇ ಇರಬಹುದು. ಒಂದು ಪ್ಯಾಲೆಟ್‌ನಲ್ಲಿ ಕೆಲವು ಶೇಡ್‌ಗಳಿಗೆ ಮಾತ್ರ "ಕಣ್ಣಿನ ಸುತ್ತ ಬೇಡ" ಅಂತ ಹಿಂಬದಿಯಲ್ಲಿ ಸಣ್ಣದಾಗಿ ಬರೆದಿರುವುದೂ ಉಂಟು. ಕೊಳ್ಳುವಾಗಲೇ ತಿರುಗಿಸಿ ನೋಡಿ.

ಸೀಸದ ಸಲ್ಫೈಡ್ ಅರೆದು ಮಾಡುವ ಕಣ್ಕಪ್ಪು ಇನ್ನೂ ಗಂಭೀರ ವಿಷಯ. ಅಲ್ಲಿ ಸೀಸ ಕಲ್ಮಶವಲ್ಲ, ಅದೇ ಮುಖ್ಯ ಪದಾರ್ಥ. ತೂಕದ ಅರ್ಧಕ್ಕಿಂತ ಜಾಸ್ತಿ ಸೀಸ ಇರಬಹುದು. ಅಮೆರಿಕದಲ್ಲಿ ಇದು ಒಪ್ಪಿದ ಬಣ್ಣವಲ್ಲ. ಭಾರತದ ನಿಯಮಗಳೂ ಬಣ್ಣಕ್ಕಾಗಿ ಸೀಸದ ಅಥವಾ ಆರ್ಸೆನಿಕ್‌ನ ಸಂಯುಕ್ತ ಬಳಸುವುದನ್ನು ನಿಷೇಧಿಸುತ್ತವೆ. ಪದಾರ್ಥಗಳ ಪಟ್ಟಿ ಇಲ್ಲದ ಕಣ್ಕಪ್ಪನ್ನು, ಮುಖ್ಯವಾಗಿ ಮಕ್ಕಳ ಕಣ್ಣಿಗೆ, ದಯವಿಟ್ಟು ಹಚ್ಚಬೇಡಿ. ಮಗು ಕಣ್ಣು ಉಜ್ಜಿ ಅದೇ ಕೈಯನ್ನು ಬಾಯಿಗೆ ಹಾಕುತ್ತದೆ.

ಹಚ್ಚೆಯ ಶಾಯಿಯ ಬಗ್ಗೆ ಒಂದೇ ಮಾತು: ಚರ್ಮದ ಒಳಗೆ ಚುಚ್ಚಲು ಅಂತ ಎಫ್‌ಡಿಎ ಈವರೆಗೆ ಒಂದು ಬಣ್ಣಕ್ಕೂ ಒಪ್ಪಿಗೆ ಕೊಟ್ಟಿಲ್ಲ.

ಈಗ ಲೇಬಲ್‌ನಲ್ಲಿ ಇಲ್ಲದ್ದು

ಮಿತಿಗಳನ್ನು ಪಿಪಿಎಂನಲ್ಲಿ ಹೇಳುತ್ತಾರೆ. 1 ಪಿಪಿಎಂ ಅಂದರೆ ಒಂದು ಕಿಲೋದಲ್ಲಿ ಒಂದು ಮಿಲಿಗ್ರಾಂ. ಲಿಪ್‌ಸ್ಟಿಕ್ ಕಡ್ಡಿ ಸುಮಾರು ಮೂರೂವರೆ ಗ್ರಾಂ. ಅದರಲ್ಲಿ 10 ಪಿಪಿಎಂ ಸೀಸ ಇದ್ದರೆ ಇಡೀ ಕಡ್ಡಿಯಲ್ಲಿ 35 ಮೈಕ್ರೋಗ್ರಾಂ ಆಯಿತು. ಒಂದು ಕಡ್ಡಿ ಮುಗಿಯಲು ತಿಂಗಳುಗಳೇ ಬೇಕು, ಹಚ್ಚಿದ್ದೆಲ್ಲ ಹೊಟ್ಟೆಗೂ ಹೋಗುವುದಿಲ್ಲ. ಆದರೆ ಸೀಸ ದೇಹದಲ್ಲಿ, ಮೂಳೆಯಲ್ಲಿ, ಕೂಡುತ್ತಾ ಹೋಗುತ್ತದೆ. ಇಷ್ಟಾದರೆ ಪರವಾಗಿಲ್ಲ ಅನ್ನುವ ಪ್ರಮಾಣ ಅದಕ್ಕೆ ಇಲ್ಲ. ಹೆದರಿ ಎಲ್ಲ ಎಸೆಯಬೇಕಿಲ್ಲ. ಕಡಿಮೆ ಮಾಡಬಹುದಾದಲ್ಲಿ ಕಡಿಮೆ ಮಾಡಬೇಕು, ಅಷ್ಟೇ.

ಎಫ್‌ಡಿಎ 2016ರ ಕರಡು ಸಲಹೆಯಲ್ಲಿ ತುಟಿಯ ಮೇಕಪ್‌ಗೂ ಮೈಗೆ ಹಚ್ಚುವ ಮೇಕಪ್‌ಗೂ ಸೀಸದ ಮೇಲ್ಮಿತಿ 10 ಪಿಪಿಎಂ ಅಂದಿತು. ಕೆನಡಾ ಸರ್ಕಾರ ಹೇಳುವುದೂ 10. ಭಾರತದ ನಿಯಮದಲ್ಲಿ ಕಾಸ್ಮೆಟಿಕ್‌ಗೆ ಹಾಕುವ ಸಾವಯವ ಬಣ್ಣಗಳಲ್ಲಿ ಸೀಸ 20 ಪಿಪಿಎಂ, ಆರ್ಸೆನಿಕ್ 2 ಪಿಪಿಎಂ, ಬೇರೆ ಭಾರಲೋಹಗಳು ಒಟ್ಟು 100 ಪಿಪಿಎಂ ದಾಟಬಾರದು. ಈ ಸಂಖ್ಯೆಗಳನ್ನು ಹೋಲಿಸುವಾಗ ಎಚ್ಚರ ಬೇಕು. ಒಂದು ಮಿತಿ ಬಣ್ಣದ ಪುಡಿಗೆ, ಇನ್ನೊಂದು ತಯಾರಾದ ಮೇಕಪ್‌ಗೆ. 20 ಪಿಪಿಎಂ ಸೀಸ ಇರುವ ಪುಡಿಯನ್ನು ಲಿಪ್‌ಸ್ಟಿಕ್‌ಗೆ ನೂರಕ್ಕೆ ಹತ್ತರಷ್ಟು ಹಾಕಿದರೆ ಆ ಪುಡಿಯಿಂದ ಬರುವ ಸೀಸ 2 ಪಿಪಿಎಂ ಮಾತ್ರ. ಯುರೋಪಿನ ನಿಯಮ ಇನ್ನೊಂದು ರೀತಿ. ಅಲ್ಲಿ ಸೀಸ ಪೂರ್ತಿ ನಿಷಿದ್ಧ. ಆದರೆ ಒಳ್ಳೆ ತಯಾರಿಕಾ ಪದ್ಧತಿಯಲ್ಲೂ ತಪ್ಪಿಸಲಾಗದ ಚೂರು ಉಳಿದು, ಅದರಿಂದ ಅಪಾಯವಿಲ್ಲ ಅಂತಾದರೆ 17ನೇ ವಿಧಿ ಅದನ್ನು ಒಪ್ಪುತ್ತದೆ.

"ನೈಸರ್ಗಿಕ" ಅನ್ನುವ ಪದದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮಣ್ಣಿನಿಂದ ತೆಗೆದ ಕೆಮ್ಮಣ್ಣಿಗಿಂತ ಶುದ್ಧ ಇನ್ನೇನು ಅಂತ ನಾನೂ ಒಂದು ಕಾಲಕ್ಕೆ ಅಂದುಕೊಂಡಿದ್ದೆ. ಆದರೆ ಭೂಮಿಯೊಳಗೆ ಕಬ್ಬಿಣ ಒಂಟಿಯಾಗಿ ಇರುವುದಿಲ್ಲ. ಸೀಸ, ಆರ್ಸೆನಿಕ್ ಅದರ ಜೊತೆಗೇ ಇರುತ್ತವೆ. ಅದಕ್ಕೇ ಎಫ್‌ಡಿಎ ಕಾಸ್ಮೆಟಿಕ್‌ಗೆ ಒಪ್ಪುವುದು ಕಾರ್ಖಾನೆಯಲ್ಲಿ ಮಾಡಿದ ಕಬ್ಬಿಣದ ಆಕ್ಸೈಡನ್ನು ಮಾತ್ರ. ಅದರಲ್ಲೂ ಆರ್ಸೆನಿಕ್ 3, ಸೀಸ 10, ಪಾದರಸ 3 ಪಿಪಿಎಂ ದಾಟುವ ಹಾಗಿಲ್ಲ. ಟಾಲ್ಕಂ ಪೌಡರ್‌ನದ್ದೂ ಇದೇ ಕಷ್ಟ. ಟಾಲ್ಕ್ ಕಲ್ಲಿನ ಪಕ್ಕದಲ್ಲೇ ಆಸ್‌ಬೆಸ್ಟಾಸ್ ಸಿಗಬಹುದು. ಗಣಿ ಯಾವುದು, ಪರೀಕ್ಷೆ ಆಗಿದೆಯೇ ಅನ್ನುವುದೇ ಅಲ್ಲಿ ಮುಖ್ಯ.

ಬಂಗಾರದ ಉಂಗುರದಿಂದ ಲಿಪ್‌ಸ್ಟಿಕ್ ಉಜ್ಜಿ, ಕಪ್ಪಾದರೆ ಸೀಸ ಇದೆ ಅಂತ ಒಂದು ಸಂದೇಶ ಬಹಳ ವರ್ಷದಿಂದ ಸುತ್ತುತ್ತಿದೆ. ಅದು ಸುಳ್ಳು. ಕಪ್ಪು ಗೆರೆಗೂ ಸೀಸಕ್ಕೂ ಸಂಬಂಧ ಇಲ್ಲ. ಪಿಪಿಎಂ ಮಟ್ಟದ ಸೀಸ ಕಣ್ಣಿಗೆ ಕಾಣುವ ವಿಧಾನ ಮನೆಯಲ್ಲಿ ಇಲ್ಲ. ಕಂಪನಿಯನ್ನು ಕೇಳಿ, ಲ್ಯಾಬ್ ವರದಿ ಕಳಿಸಿದರೆ ಮೂರು ವಿಷಯ ನೋಡಿ. ವರದಿಯ ಬ್ಯಾಚ್ ನಂಬರ್ ನಿಮ್ಮ ಡಬ್ಬಿಯದ್ದೇನಾ? ವಿಧಾನ ಲೋಹಗಳನ್ನು ಅತಿ ಸೂಕ್ಷ್ಮವಾಗಿ ಅಳೆಯುವ ಐಸಿಪಿ-ಎಂಎಸ್ ತರಹದ್ದಾ? ಮಾದರಿಯನ್ನು ಆಮ್ಲದಲ್ಲಿ ಪೂರ್ತಿ ಕರಗಿಸಿ ಅಳೆದಿದ್ದಾರಾ? ಮೂರನೆಯದನ್ನು ಹೆಚ್ಚಿನವರು ಕೇಳುವುದಿಲ್ಲ. ಖನಿಜದ ಕಣದೊಳಗೆ ಸಿಕ್ಕಿಕೊಂಡ ಸೀಸ ಸುಲಭಕ್ಕೆ ಹೊರಗೆ ಬರುವುದಿಲ್ಲ. ಅರೆಬರೆ ಕರಗಿಸಿದರೆ ವರದಿಯಲ್ಲಿ ಕಡಿಮೆ ಕಾಣುತ್ತದೆ. ಎಫ್‌ಡಿಎ ತನ್ನ ಪರೀಕ್ಷೆಗೆ ಹೈಡ್ರೋಫ್ಲೋರಿಕ್ ಆಮ್ಲ ಬಳಸಿದ್ದು ಇದೇ ಕಾರಣಕ್ಕೆ.

ಬಿಳಿ ಮಾಡುವ ಕ್ರೀಮ್ ಇದ್ದರೆ ಇಲ್ಲಿ ನಿಲ್ಲಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಸೀಸ ಸಾಮಾನ್ಯವಾಗಿ ಕರೆಯದೆ ಬರುತ್ತದೆ. ಚರ್ಮ ಬಿಳಿ ಮಾಡುವ ಕೆಲವು ಕ್ರೀಮ್‌ಗಳಲ್ಲಿ ಪಾದರಸವನ್ನು ಬೇಕಂತಲೇ ಹಾಕುತ್ತಾರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉತ್ಪತ್ತಿಯನ್ನು ಅದು ತಡೆಯುತ್ತದೆ. ಹಾಗಾಗಿ ಬೇಗ ಪರಿಣಾಮ ಕಾಣುತ್ತದೆ. ಜನ ಮತ್ತೆ ಕೊಳ್ಳುತ್ತಾರೆ.

ಅಮೆರಿಕದಲ್ಲೂ ಭಾರತದಲ್ಲೂ ಮಾಮೂಲಿ ಕಾಸ್ಮೆಟಿಕ್‌ನಲ್ಲಿ ಪಾದರಸ 1 ಪಿಪಿಎಂ ಒಳಗೆ, ಅದೂ ಉದ್ದೇಶವಿಲ್ಲದೆ ಬಂದದ್ದು ಮಾತ್ರ ಇರಬಹುದು. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದ 2013ರಲ್ಲಿ ಆಗಿ 2017ರಲ್ಲಿ ಜಾರಿಗೆ ಬಂತು. ಪಾದರಸದ ಕಾಸ್ಮೆಟಿಕ್‌ಗಳನ್ನು ನಿಲ್ಲಿಸುವುದು ಅದರ ಷರತ್ತುಗಳಲ್ಲೊಂದು. ಆದರೂ ಸಾವಿರಾರು ಪಿಪಿಎಂ ಪಾದರಸ ಇರುವ ಕ್ರೀಮ್‌ಗಳು ಬೇರೆ ಬೇರೆ ದೇಶಗಳಲ್ಲಿ ಸಿಕ್ಕಿಬೀಳುತ್ತಲೇ ಇವೆ. ಮೂತ್ರಪಿಂಡ ಹಾಳಾಗುತ್ತದೆ, ನರಗಳು ದುರ್ಬಲವಾಗುತ್ತವೆ. ಹಚ್ಚಿಕೊಂಡವರಿಗೆ ಮಾತ್ರ ಅಲ್ಲ. ಟವೆಲ್, ದಿಂಬು, ಕೈ ಮುಟ್ಟಿದ ಕಡೆಗೆಲ್ಲ ಅಂಟುತ್ತದೆ, ಆವಿಯಾಗಿ ಗಾಳಿಗೂ ಸೇರುತ್ತದೆ. ಹಚ್ಚದೇ ಇದ್ದ ಮಕ್ಕಳ ಮೈಯಲ್ಲೂ ಪಾದರಸ ಸೇರಿದ್ದು ಕಂಡಿದೆ.

ಹೀಗೆ ಹುಡುಕಿ. ಪಟ್ಟಿಯಲ್ಲಿ ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೋಮೆಲ್, ಮರ್ಕ್ಯುರಿಕ್, ಮರ್ಕ್ಯುರಿಯೋ ಅನ್ನುವ ಪದ ಇದೆಯಾ? "ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ, ಒಡವೆ ತೆಗೆದು ಹಚ್ಚಿ" ಅಂತ ಸೂಚನೆ ಇದೆಯಾ? ಪಾದರಸ ಈ ಲೋಹಗಳ ಜೊತೆ ಬೆರೆತುಬಿಡುತ್ತದೆ, ಅದಕ್ಕೇ ಆ ಸೂಚನೆ. ಪದಾರ್ಥಗಳ ಪಟ್ಟಿಯೇ ಇಲ್ಲವಾ? ಮೂರರಲ್ಲಿ ಒಂದಕ್ಕೆ ಹೌದು ಅಂತಾದರೂ ಇವತ್ತೇ ನಿಲ್ಲಿಸಿ. ಕೈ ತೊಳೆದುಕೊಳ್ಳಿ. ಡಬ್ಬಿಯನ್ನು ಗಟ್ಟಿಯಾಗಿ ಮುಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಬಚ್ಚಲಿಗೆ ಸುರಿಯಬೇಡಿ, ಮಾಮೂಲಿ ಕಸಕ್ಕೆ ಹಾಕಬೇಡಿ. ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೇ ಕೊಡಬೇಕು. ಬಹಳ ದಿನ ಬಳಸಿದ್ದರೆ ಡಾಕ್ಟರಿಗೆ ಕ್ರೀಮಿನ ವಿಷಯ ಬಿಡಿಸಿ ಹೇಳಿ. ಮೂತ್ರ ಪರೀಕ್ಷೆಯಲ್ಲಿ ಪಾದರಸ ಗೊತ್ತಾಗುತ್ತದೆ. ನೀವು ಹೇಳದಿದ್ದರೆ ಆ ಪರೀಕ್ಷೆ ಬರೆಯಬೇಕು ಅಂತ ಅವರಿಗೆ ಹೊಳೆಯುವುದು ಕಷ್ಟ.

ಹೇರ್ ಡೈ

1938ರ ಅಮೆರಿಕದ ಕಾಯ್ದೆ ಬಣ್ಣಗಳ ಮೇಲೆ ಅಷ್ಟು ಬಿಗಿ ಮಾಡಿದರೂ ಒಂದು ಬಾಗಿಲು ತೆರೆದೇ ಬಿಟ್ಟಿತು. ಕೋಲ್‌ಟಾರ್, ಅಂದರೆ ಕಲ್ಲಿದ್ದಲ ಡಾಂಬರು ಮೂಲದ ಹೇರ್ ಡೈಗಳಿಗೆ ವಿನಾಯಿತಿ. ಷರತ್ತು ಇಷ್ಟೇ: ಎಚ್ಚರಿಕೆ ಬರೆಯಬೇಕು, ಮೊದಲು ಚರ್ಮದ ಮೇಲೆ ಪರೀಕ್ಷೆ ಮಾಡುವ ವಿಧಾನ ಕೊಡಬೇಕು. ಹುಬ್ಬು, ರೆಪ್ಪೆಗೆ ಹಚ್ಚಿದರೆ ಕುರುಡಾಗಬಹುದು ಅನ್ನುವ ಮಾತು ಆ ಎಚ್ಚರಿಕೆಯಲ್ಲೇ ಇದೆ. ಭಾರತದ ನಿಯಮದಲ್ಲೂ ಇಂಥ ಎಚ್ಚರಿಕೆ ಇಂಗ್ಲಿಷ್‌ನಲ್ಲೂ ಸ್ಥಳೀಯ ಭಾಷೆಯಲ್ಲೂ ಇರಬೇಕು. ಅಂದರೆ ಇಲ್ಲಿ ಕಾನೂನು ಕೆಲಸದ ಅರ್ಧವನ್ನು ನಮಗೇ ಬಿಟ್ಟಿದೆ.

ನಾನು ಆ ಅರ್ಧವನ್ನು ಒಮ್ಮೆ ಮಾಡಲಿಲ್ಲ. ಎರಡು ವರ್ಷ ಬಳಸಿದ ಡೈ, ಇನ್ನೇನಾಗುತ್ತೆ ಅಂತ ಪರೀಕ್ಷೆ ಬಿಟ್ಟೆ. ಮಾರನೇ ದಿನ ಕಿವಿಯ ಹಿಂದೆ ಉರಿ, ಅದರ ಮರುದಿನ ಬೆಳಗ್ಗೆ ಹಣೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಲ್ಯಾಶ್ ಲ್ಯೂರ್‌ನಲ್ಲಿದ್ದ ಪಿಪಿಡಿ ಹೇರ್ ಡೈಗಳಲ್ಲೂ ಇರುತ್ತದೆ, ಅದರ ಅಲರ್ಜಿ ಹೀಗೇ. ಹಲವು ಸಲ ಹಚ್ಚಿದ ಮೇಲೆ ಒಂದು ದಿನ ಶುರುವಾಗುತ್ತದೆ, ಆಮೇಲೆ ಹೋಗುವುದಿಲ್ಲ.

ಹಾಗಾಗಿ ಪ್ರತಿ ಸಲ ಪರೀಕ್ಷಿಸಿ. ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಪ್ಯಾಕೆಟ್‌ನಲ್ಲಿ ಹೇಳಿದಷ್ಟು ಹಚ್ಚಿ, 48 ಗಂಟೆ ಕಾಯಿರಿ. ಕೆಂಪಾದರೆ, ತುರಿಸಿದರೆ ಆ ಡೈ ನಿಮಗಲ್ಲ. ಲೇಬಲ್‌ನಲ್ಲಿ ಪಿ-ಫಿನೈಲೀನ್‌ಡಯಮೀನ್ ಅಥವಾ 1,4-ಬೆಂಜೀನ್‌ಡಯಮೀನ್ ಅಂತ ಇದ್ದರೆ ಅದು ಇದೇ ಪಿಪಿಡಿ. ಯುರೋಪಿನಲ್ಲಿ ತಲೆಗೆ ಹಚ್ಚುವ ಹೊತ್ತಿಗೆ ಇದು ಶೇ. 2 ದಾಟಬಾರದು. ಕೈಗೆ ಹಾಕುವ "ಕಪ್ಪು ಮೆಹೆಂದಿ"ಯಲ್ಲಿ ಇದೇ ಪಿಪಿಡಿ ಬೆರೆಸಿರುತ್ತಾರೆ, ಕೆಲವೊಮ್ಮೆ ಎಷ್ಟೋ ಪಟ್ಟು ಜಾಸ್ತಿ. ಗೋರಂಟಿ ಎಲೆಯ ಬಣ್ಣ ಕೆಂಪು-ಕಂದು. ಗಂಟೆಯೊಳಗೆ ಕಪ್ಪಾದರೆ ಅದರಲ್ಲಿ ಬೇರೆ ಏನೋ ಇದೆ.

ಶಾಂಪೂ, ಬಾಡಿವಾಶ್

ಹೆಸರಿನ ಮಧ್ಯೆ ಅಥವಾ ಕೊನೆಗೆ "-ಎತ್" ಬರುವ ಪದ ಹುಡುಕಿ. ಸೋಡಿಯಂ ಲಾರೆತ್ ಸಲ್ಫೇಟ್ ಒಳ್ಳೆ ಉದಾಹರಣೆ. ಪಿಇಜಿ, ಪಾಲಿಸಾರ್ಬೇಟ್ ಕೂಡ ಅದೇ ಬಳಗ. ಇವನ್ನು ಎಥಿಲೀನ್ ಆಕ್ಸೈಡ್ ಬಳಸಿ ಮಾಡುವಾಗ 1,4-ಡಯಾಕ್ಸೇನ್ ಎಂಬ ಉಪವಸ್ತು ಹುಟ್ಟುತ್ತದೆ. ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಯಲ್ಲಿ ಅದು ಇದೆ. ನಿರ್ವಾತದಲ್ಲಿ ಎಳೆದು ತೆಗೆಯುವ ವಿಧಾನ ಇದೆ, ಒಳ್ಳೆ ತಯಾರಕರು ಮಾಡುತ್ತಾರೆ. ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿ ಕಾಸ್ಮೆಟಿಕ್‌ಗೆ 10 ಪಿಪಿಎಂ, ಮೈ ತೊಳೆಯುವಂಥ ಉತ್ಪನ್ನಕ್ಕೆ 2023ರ ಕೊನೆಯಿಂದ 1 ಪಿಪಿಎಂ ಮಿತಿ ಇಟ್ಟಿತು. ತೊಳೆದುಹೋಗುವ ವಸ್ತು ಆದ್ದರಿಂದ ನಾನು ಇದಕ್ಕೆ ಪಾದರಸದಷ್ಟು ತಲೆಕೆಡಿಸಿಕೊಳ್ಳುವುದಿಲ್ಲ.

ಕೊಳ್ಳುವಾಗ, ತೊಂದರೆಯಾದಾಗ

ಮೇಲಿನದ್ದೆಲ್ಲ ಲೇಬಲ್ ನಿಜ ಹೇಳುತ್ತಿದೆ ಅನ್ನುವ ನಂಬಿಕೆಯ ಮೇಲೆ ನಿಂತಿದೆ. ನಕಲಿ ಮಾಲಿನ ಲೇಬಲ್ ಓದಿ ಉಪಯೋಗವಿಲ್ಲ. ಹೆಸರಾಂತ ಬ್ರ್ಯಾಂಡು ಕಾಲು ಬೆಲೆಗೆ ಸಿಕ್ಕಿದರೆ ಬಿಟ್ಟುಬಿಡಿ. ತಯಾರಕರ ವಿಳಾಸ, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ಮೂರೂ ಇರಬೇಕು. ಭಾರತದಲ್ಲಿ ತಯಾರಾದದ್ದಕ್ಕೆ ಲೈಸೆನ್ಸ್ ನಂಬರ್, ಆಮದಾದದ್ದಕ್ಕೆ ನೋಂದಣಿ ಸಂಖ್ಯೆ ಮತ್ತು ಆಮದುದಾರರ ವಿಳಾಸ ನೋಡಿ.

ಮನೆಯಲ್ಲೇ ಲಿಪ್‌ಬಾಮ್, ಸೋಪು ಮಾಡಿ ಮಾರುವವರಿಗೂ ಒಂದು ಮಾತು. ಕರಕುಶಲ ಕೆಲಸದ ಗ್ಲಿಟರ್, ಮೇಣದಬತ್ತಿಗೆ ಹಾಕುವ ಬಣ್ಣ, ಸಿಐ ಸಂಖ್ಯೆ ಹೇಳಲಾಗದ ಮೈಕಾ, ಇವು ಮೈಗೆ ಹಚ್ಚುವ ವಸ್ತುಗಳಲ್ಲ. ಕಾನೂನು ನಿಮ್ಮನ್ನೂ ತಯಾರಕರು ಅಂತಲೇ ನೋಡುತ್ತದೆ. ಪುಡಿ ಮಾರುವವರ ಹತ್ತಿರ ಆ ಲಾಟ್‌ನ ಪರೀಕ್ಷಾ ವರದಿ ಕೇಳಿ ಪಡೆಯಿರಿ.

ಚರ್ಮ ಕೆಂಪಾಯಿತು, ಊದಿತು ಅಂತಾದರೆ ಡಬ್ಬಿ ಎಸೆಯಬೇಡಿ. ಬ್ಯಾಚ್ ನಂಬರ್, ಪದಾರ್ಥಗಳ ಪಟ್ಟಿ, ನಿಮ್ಮ ಚರ್ಮ, ಮೂರರದ್ದೂ ಫೋಟೋ ತೆಗೆಯಿರಿ. ದಿನಾಂಕ ಬರೆದಿಡಿ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಬಂದ ಮೊಕ್ರಾ ಕಾನೂನಿನ ಪ್ರಕಾರ, ಗಂಭೀರ ತೊಂದರೆಯ ದೂರು ಬಂದರೆ ಕಂಪನಿ ಅದನ್ನು 15 ಕೆಲಸದ ದಿನಗಳೊಳಗೆ ಎಫ್‌ಡಿಎಗೆ ತಿಳಿಸಬೇಕು. ಎಫ್‌ಡಿಎಗೆ ನೇರವಾಗಿ ಬರೆಯಲು ಮೆಡ್‌ವಾಚ್ ಎಂಬ ದೂರು ವ್ಯವಸ್ಥೆ ಇದೆ. ಯುರೋಪಿನಲ್ಲಿ ಹಿಂಪಡೆದ ವಸ್ತುಗಳನ್ನು ಸೇಫ್ಟಿ ಗೇಟ್ ಎಂಬ ತಾಣದಲ್ಲಿ ಫೋಟೋ ಸಮೇತ ಹಾಕುತ್ತಾರೆ. ಬೇರೆ ದೇಶದ ಕ್ರೀಮ್ ಕೊಳ್ಳುವ ಮುಂಚೆ ನಾನು ಅಲ್ಲಿ ಒಮ್ಮೆ ಹೆಸರು ಹಾಕಿ ನೋಡುತ್ತೇನೆ.

ಭಾರತದಲ್ಲಿ ದೂರು ಕೊಡಬೇಕಾದದ್ದು ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ. ಆಮದು ಮಾಲಾದರೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಓಗೆ. ಇದಕ್ಕಿಂತ ಹೆಚ್ಚಿನ ಒಂದು ಹಕ್ಕು 1940ರ ಕಾಯ್ದೆಯ 26ನೇ ಸೆಕ್ಷನ್‌ನಲ್ಲಿ ಇದೆ. ನೀವು ಕೊಂಡ ಕಾಸ್ಮೆಟಿಕ್ಕನ್ನು ನಿಗದಿಯಾದ ಶುಲ್ಕ ಕಟ್ಟಿ ನೀವೇ ಸರ್ಕಾರಿ ವಿಶ್ಲೇಷಕರ ಪರೀಕ್ಷೆಗೆ ಕೊಡಬಹುದು. ಅವರು ಸಹಿ ಮಾಡಿದ ವರದಿ ನಿಮ್ಮ ಕೈಗೆ ಬರುತ್ತದೆ. ಅದಕ್ಕೆ ಬಿಲ್ ಬೇಕಾಗಬಹುದು. ಡಬ್ಬಿಯ ಜೊತೆ ಅದನ್ನೂ ಇಟ್ಟುಕೊಳ್ಳಿ.